ಎರಡು ಕೈ ಅರೆದ ಯಶಮ್

"ಇದನ್ನ ಒಂದೇ ಕೈ ಅರೀಬೇಕು ಬೇಟಿ. ಅರೆಯೋ ಹೊತ್ತಿನಲ್ಲಿ ಮನಸ್ಸಿನೊಳಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಬಾರ್ದು. ಇದ್ರೆ ಅದು ಕಲ್ಲಿಗೆ ಇಳೀತದೆ. ಇಳಿದದ್ದು ಸುಮ್ಮನೆ ಕೂರೂದಿಲ್ಲ," ಎನ್ನುತ್ತ ಮುದುಕಿ ಕುಲ್ಸುಮ್‌ಬಿ ಪರಿಮಳಾಳ ಮುಂದೆ ಸೆರಗಿನ ಗಂಟು ಬಿಚ್ಚಿದಳು.

ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದ ಶಾಂತಾರಾಮ ಗಟ್ಟಿಯಾಗಿ ನಕ್ಕ. ಬೇರೆ ಯಾರೂ ನಗಲಿಲ್ಲ.

ಶಿರಸಿಯ ಗುಡಿಗಾರರ ಕೇರಿಯಲ್ಲಿ ಮಂಜಪ್ಪನದು ಗಂಧದ ಕೆತ್ತನೆಗೆ ಹೆಸರಾದ ಮನೆ. ಶಾಂತಾರಾಮ ಆ ಮನೆಯ ಅಳಿಯ. ಮೈಸೂರು ಸೀಮೆಯ ಸಾಗರದಿಂದ ಗಡಿ ದಾಟಿ, ಮುಂಬಯಿ ಇಲಾಖೆಗೆ ಸೇರಿದ ಈ ಊರಿಗೆ ಮನೆಅಳಿಯನಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವನು ಸರಕಾರಿ ಶಾಲೆಯಲ್ಲಿ ಕೆತ್ತನೆ ಕಲಿತವನು, ವಸ್ತುಪ್ರದರ್ಶನದಲ್ಲಿ ಬೆಳ್ಳಿಯ ಪದಕ ಪಡೆದವನು. ಮಾಟ, ಮಂತ್ರ, ದೃಷ್ಟಿ ಎಲ್ಲ ಅವನ ಪಾಲಿಗೆ ಒಲೆಯ ಮುಂದಿನ ಹರಟೆ.

ಗಂಟಿನಿಂದ ಹೊರಬಂದದ್ದು ಮಾವಿನ ಓಟೆಯಷ್ಟು ದೊಡ್ಡ ಒಂದು ಕಲ್ಲು. ಹಾಲಿಗೆ ನಾಲ್ಕು ಹನಿ ಎಲೆಯ ರಸ ಹಿಂಡಿದಂಥ ಬಣ್ಣ. ಮೇಲೆ ತುಪ್ಪ ಸವರಿದಂಥ, ಜಾರುವ ಹೊಳಪು. ಮುದುಕಿಯ ಮೈಗೆ ತಾಗಿಕೊಂಡೇ ಬಂದಿದ್ದರೂ ಅದು ಬಾವಿಯ ತಳದಿಂದ ಈಗಷ್ಟೇ ಎತ್ತಿದಂತೆ ತಣ್ಣಗಿತ್ತು.

"ಯಶಮ್ ಅಂತಾರೆ ಇದಕ್ಕೆ. ಕಾಶ್ಮೀರದಾಚೆ, ಹಿಮದ ಬೆಟ್ಟದಾಚೆ ಖೋತಾನ್ ಅಂತ ಊರು. ಅಲ್ಲಿ ಬೆಟ್ಟದಾಗೆ ಹುಟ್ಟಿ ಹೊಳೆಗೆ ಬೀಳ್ತದೆ. ಉರುಳಿ ಉರುಳಿ ಮೆತ್ತಗಿದ್ದದ್ದೆಲ್ಲ ಸವೆದು ಗಟ್ಟಿ ಮಾತ್ರ ಉಳೀತದೆ. ಹೆಂಗಸರು ಬರಿಗಾಲಲ್ಲಿ ಹೊಳೆಗಿಳಿದು ಅಂಗಾಲಿನಿಂದಲೇ ಇದರ ಗುರುತು ಹಿಡೀತಾರಂತೆ."

ಕುಲ್ಸುಮ್‌ಬಿಯ ಹಿರಿಯರು ಒಂದು ಕಾಲಕ್ಕೆ ಬಿಜಾಪುರದಲ್ಲಿ ಇಂಥ ಕಲ್ಲುಗಳನ್ನು ಅರೆದು ತಾಯಿತ ಮಾಡುತ್ತಿದ್ದವರು. ಆ ವಿದ್ಯೆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಮಗ ಮುನಾಫ್ ಯಲ್ಲಾಪುರದ ದಾರಿಯಲ್ಲಿ ಎತ್ತಿನ ಗಾಡಿಗಳನ್ನೂ ಒಂದು ಮೋಟಾರನ್ನೂ ಓಡಿಸುತ್ತಿದ್ದ. ಈಗ ಮೊಮ್ಮಗಳು ನೂರ್ಜಹಾನಳಿಗೆ ಎದೆಬಡಿತದ ರೋಗ. ಕುಳಿತಲ್ಲೇ ಬೆವರುತ್ತಿದ್ದಳು, ನಿದ್ದೆಯಿಂದ ಬೆಚ್ಚಿ ಏಳುತ್ತಿದ್ದಳು. ಯಶಮ್ ಎದೆಗೆ ತಾಗಿಕೊಂಡಿದ್ದರೆ ಗುಂಡಿಗೆ ತಣಿಯುತ್ತದೆಂದು ಹಕೀಮರು ಹೇಳಿದ್ದರು. ಅದಕ್ಕೇ ಮುದುಕಿ ಈ ಜಗಲಿ ಹತ್ತಿದ್ದಳು.

"ಇದರ ಜೋಡಿ ಕಲ್ಲನ್ನ ನಮ್ಮ ಮುತ್ತಜ್ಜನ ತಮ್ಮ ಅರೆದ," ಎಂದಳು. "ಮುತ್ತಜ್ಜನದು ಅಂಥಾ ಕಣ್ಣು, ಕೂದಲೆಳೆಯಷ್ಟು ಬಿರುಕನ್ನೂ ಕಾಣೋದು. ತಮ್ಮನಿಗೆ ಆ ಕಣ್ಣಿನ ಮೇಲೆ ಉರಿ. ಉರಿಯೊಳಗೇ ಅರೆದ. ತಾಯಿತ ಮುಗಿದ ದಿನ ಅಣ್ಣ ಕುರುಡಾದ."

"ಅಜ್ಜೀ, ಕಲ್ಲಿಗೆ ಕಿವಿಯಿಲ್ಲ. ಎಳೆ ನೋಡಿ ಒಂದು ಏಟು ಹಾಕಿದ್ರೆ ಎರಡು ಹೋಳು. ಅಷ್ಟೇ ಮಂತ್ರ," ಎಂದ ಶಾಂತಾರಾಮ.

ಮರ ಕಡೆಯುವವರ ಅಭ್ಯಾಸವದು, ಮೊದಲು ಎಳೆ ಹುಡುಕುವುದು. ಅವನು ಕಲ್ಲನ್ನು ಮಣೆಯ ಮೇಲಿಟ್ಟು, ಪದಕ ತಂದುಕೊಟ್ಟ ತನ್ನ ಉಳಿಯನ್ನು ಅದರ ಮೇಲೆ ಊರಿ ಸುತ್ತಿಗೆ ಎತ್ತಿದ. ಠಿಂಗ್! ದೇವರಕೋಣೆಯ ಗಂಟೆಯಂಥ ನಾದ. ಕಲ್ಲಿನ ಮೇಲೆ ಗೀರೂ ಬಿದ್ದಿರಲಿಲ್ಲ. ಉಳಿಯ ಬಾಯಿ ಮುರಿದು ಅಂಗಳಕ್ಕೆ ಸಿಡಿದಿತ್ತು.

ಆಗ ಅವನ ಹೆಂಡತಿ ಪರಿಮಳಾ ಕಲ್ಲನ್ನು ಎತ್ತಿಕೊಂಡು, ನೀರು ಸವರಿ, ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಮೆಲ್ಲಗೆ ನೀವಿದಳು.

"ಇದರ ಎಳೆ ಒಂದು ದಿಕ್ಕಿಗಿಲ್ಲ. ಕಂಬಳಿ ಹಾಂಗೆ ಒಂದರೊಳಗೊಂದು ಹೆಣಕೊಂಡದೆ. ಇದನ್ನ ಕಡಿಯೂದಲ್ಲ, ಅರೆಯೂದು."

ಕುಲ್ಸುಮ್‌ಬಿಯ ಸುಕ್ಕುಮುಖ ಅರಳಿತು. "ನಂಗೆ ಬೇಕಾದ ಕೈ ಇದೇ," ಎಂದಳು. ಶಾಂತಾರಾಮ ಬಗ್ಗಿ, ಅಂಗಳದಲ್ಲಿ ಉಳಿಯ ಚೂರು ಹುಡುಕತೊಡಗಿದ.

ಪರಿಮಳಾಳ ಕೈ ಎಂಥದೆಂದು ಅವನಷ್ಟು ಬಲ್ಲವರು ಬೇರೆ ಇರಲಿಲ್ಲ. ಕೆಲಸ ಬಲ್ಲವನಿಗೇ ಕೆಲಸದ ಅಂತರ ಕಾಣುವುದು. ಅವನ ಬಳ್ಳಿ ಅಳತೆಗೆ ಸರಿಯಾಗಿರುತ್ತಿತ್ತು. ಅವಳ ಬಳ್ಳಿಯ ಕುಡಿ ಮಾತ್ರ ಗಾಳಿ ಬಂದರೆ ಅಲುಗೀತು ಅನ್ನಿಸುತ್ತಿತ್ತು. ಮದುವೆಯಾಗಿ ಬಂದ ಮೊದಲ ವಾರವೇ ಅದನ್ನು ಕಂಡಿದ್ದ. ಕಂಡ ದಿನ ಅನ್ನ ಸೇರಿರಲಿಲ್ಲ.

ಆ ಮನೆಯ ಪದ್ಧತಿಯೂ ಅವನಿಗೆ ಮುಳ್ಳಾಗಿತ್ತು. ಅಲ್ಲಿ ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು ಒರಟು ಕೆಲಸ, ಮತ್ತೊಬ್ಬರು ನಯದ ಕೆಲಸ. ಪೆಟ್ಟಿಗೆ ಮುಗಿದ ಮೇಲೆ ಅದು ಮನೆಯ ಪೆಟ್ಟಿಗೆ, ಯಾರ ಹೆಸರೂ ಇಲ್ಲ. ಆದರೂ ಕೊಳ್ಳಲು ಬಂದವರು ನಯದ ಮೇಲೆ ಬೆರಳಾಡಿಸಿ, "ಇದು ಪರಿಮಳಮ್ಮನ ಕೈಯದಲ್ದಾ?" ಎನ್ನುತ್ತಿದ್ದರು. ಹೂ ಮಾರುವ ನಾಗಿ ಒಂದು ದಿನ ಬೀದಿಯಲ್ಲೇ ಕೇಳಿದ್ದಳು: "ನೀವು ಪರಿಮಳಕ್ಕನ ಯಜಮಾನ್ರಲ್ದಾ? ನೀವೂ ಎಂತಾದ್ರೂ ಕೆತ್ತೂದುಂಟಾ?"

ಗೂಟಕ್ಕೆ ನೇತುಹಾಕಿದ್ದ ಪದಕವನ್ನು ಆ ಸಂಜೆ ಅವನು ಪೆಟ್ಟಿಗೆಯ ತಳಕ್ಕೆ ಸೇರಿಸಿದ.

ಮಂಜಪ್ಪನ ಮನೆಯ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಬಿಸಿಲು, ಗಾಳಿ ಸೋಕಿದರೆ ಗಂಧದ ಕೊರಡು ಬಿರಿಯುತ್ತದೆಂದು ಅಲ್ಲಿ ಇಡುತ್ತಿದ್ದರು. ನಡುಹಗಲಿನಲ್ಲೂ ಕಣ್ಣೆದುರಿನ ಕೈ ಕಾಣದ ಕತ್ತಲೆ. ತಲೆ ಸುತ್ತುವಷ್ಟು ಗಂಧದ ವಾಸನೆ. ದೀಪಾವಳಿ ಕಳೆದ ಮೇಲೆ ಪರಿಮಳಾ ಅಲ್ಲಿ ಒಂದು ಹಣತೆ ಹಚ್ಚಿಟ್ಟುಕೊಂಡು ಅರೆಯಲು ಕುಳಿತಳು. ಚಪ್ಪಟೆ ಬಂಡೆ, ಸಾಣೆಯವನು ಕೊಟ್ಟ ಗಟ್ಟಿಕಲ್ಲಿನ ಪುಡಿ, ತೆಂಗಿನ ತೂತು ಗೆರಟೆಯಿಂದ ತೊಟ್ಟಿಕ್ಕುವ ನೀರು. ಸರ್… ಸರ್… ಸರ್… ದಿನವಿಡೀ ಅರೆದರೂ ಅಕ್ಕಿಕಾಳಿನ ದಪ್ಪದಷ್ಟು ಸವೆಯುತ್ತಿರಲಿಲ್ಲ. ಅವಳಿಗೆ ಬೇಸರವಿರಲಿಲ್ಲ. ನೂರ್ಜಹಾನಳ ಹೆಸರು ಹಿಡಿದು, ತಾಯೀ ಅವಳ ಎದೆ ತಣಿಸು ಎಂದು ಮಾರಿಕಾಂಬೆಗೆ ಬೇಡಿಕೊಳ್ಳುತ್ತ ಅರೆಯುತ್ತಿದ್ದಳು. ಕೇರಿಯವರು ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ಗಂಡ ಊಟ ಬಿಟ್ಟದ್ದು ಅವಳಿಗೆ ತಿಳಿಯದೆ ಇರಲಿಲ್ಲ. ಕಾರಣವೂ ತಿಳಿಯಿತು. ಧನುರ್ಮಾಸದ ಒಂದು ಮಧ್ಯಾಹ್ನ ಕಲ್ಲನ್ನು ತಂದು ಅವನ ಅಂಗೈಯಲ್ಲಿಟ್ಟಳು.

"ನಂಗೆ ಅಡುಗೆ ಕೆಲಸ ಉಂಟು. ಮಧ್ಯಾಹ್ನದ ಹೊತ್ತು ನೀವು ಅರೀರಿ."

"ಒಂದೇ ಕೈ ಅಂದಿದ್ರಲ್ಲ ಆ ಅಜ್ಜಿ?"

"ಅವರ ಮನೆ ಶಾಸ್ತ್ರ ಅದು," ಎಂದ ಮಂಜಪ್ಪ ಅತ್ತಲಿಂದ. "ಈ ಮನೆಯಲ್ಲಿ ಒಂದೇ ಕೈಯ ಕೆಲಸ ನನ್ನಜ್ಜನ ಕಾಲದಿಂದ ಇಲ್ಲ ಅಳಿಯಂದ್ರೆ. ಕೂರಿ."

ಅಪ್ಪ ಮಗಳು ಇಬ್ಬರೂ ಪ್ರೀತಿಯಿಂದಲೇ ಕೊಟ್ಟರು. ಅವನು ಅದನ್ನು ಭಿಕ್ಷೆಯೆಂದು ತಿಳಿದು ತೆಗೆದುಕೊಂಡ.

ಕತ್ತಲೆ ಕೋಣೆಯಲ್ಲಿ ಕುಳಿತು ಅರೆಯುವವನಿಗೆ ಕೈಗೆ ಕೆಲಸ, ಮನಸ್ಸಿಗೆ ಬಿಡುವು. ಆ ಬಿಡುವಿನ ತುಂಬ ಪರಿಮಳಾ. ಅವಳ ಮುಖವಲ್ಲ, ಬರೇ ಕೈ. ಉಗುರಿನ ಸಂದಿನಲ್ಲಿ ಗಂಧದ ಹುಡಿಯಿರುವ, ಉಳಿಯನ್ನು ಲೇಖನಿಯಂತೆ ಹಿಡಿಯುವ ಬಲಗೈ. ಅದು ನನಗೆ ಯಾಕೆ ಬರಲಿಲ್ಲ? ಸರ್… ಸರ್… ಕಲಿಯದವಳಿಗೆ ಯಾಕೆ ಬಂತು? ಸರ್… ಸರ್… ಆ ಕೈ ಇಲ್ಲದಿದ್ದರೆ ಈ ಕೇರಿಯಲ್ಲಿ ನಾನೇ ಅಲ್ಲವೇ? ಗೆರಟೆಯ ಹನಿ ಬೀಳುತ್ತಿತ್ತು. ಬಂಡೆಯ ಮೇಲೆ ಹಾಲಿನಂಥ ಕೆಸರು ಕೂಡುತ್ತಿತ್ತು. ಅದರ ವಾಸನೆ ಗಂಧದ ವಾಸನೆಯನ್ನೂ ಸೀಳಿಕೊಂಡು ಏಳುತ್ತಿತ್ತು: ಹೊಳೆಯ ತಳದ ಕೆಸರು, ತುಕ್ಕು ಕಬ್ಬಿಣ, ಬೂದಿ. ಎಷ್ಟು ತಿಕ್ಕಿದರೂ ಕಲ್ಲು ಬೆಚ್ಚಗಾಗುತ್ತಿರಲಿಲ್ಲ.

ವಾರ ಕಳೆದಂತೆ ಅವನಿಗೆ ಮಧ್ಯಾಹ್ನದ ಹಸಿವೇ ಆ ಕೋಣೆಯದಾಯಿತು. ಅರೆಯುವಾಗ ಎದೆ ಹಗುರಾಗುತ್ತಿತ್ತು. ಒಳಗಿದ್ದದ್ದು ಎಲ್ಲಿಗೋ ಇಳಿದು ಹೋಗುತ್ತಿತ್ತು.

ಕಲ್ಲೂ ಚೆಲುವಾಗುತ್ತ ಬಂತು. ಸಂಕ್ರಾಂತಿಯ ಹೊತ್ತಿಗೆ ಅದು ವೀಳ್ಯದೆಲೆಯ ಆಕಾರದ ಬಿಲ್ಲೆಯಾಗಿತ್ತು. ಹಣತೆಯ ಮುಂದೆ ಹಿಡಿದರೆ ಬೆಳಕು ಒಳಗೆ ಬಂದು ಮಂಜಿನಂತೆ ನಿಲ್ಲುತ್ತಿತ್ತು.

"ಎಷ್ಟು ಚಂದ ಅರೆದೀರಿ! ನನ್ನ ಕೈಗಿಂತ ನಿಮ್ಮ ಕೈಯೇ ಆಗಿಬಂತು ಇದಕ್ಕೆ," ಎಂದಳು ಪರಿಮಳಾ. ಹಾಗೆ ಹೇಳುತ್ತಿದ್ದಂತೆ ಅವಳ ಬೆರಳಿನಿಂದ ಉಳಿ ಜಾರಿ ನೆಲಕ್ಕೆ ಬಿತ್ತು.

ಎತ್ತಿಕೊಂಡಳು. ಮತ್ತೆ ಬಿತ್ತು.

ಮೊದಲು ಕಿರುಬೆರಳು ತಣ್ಣಗಾಯಿತು. ಮೂರು ದಿನದಲ್ಲಿ ಐದೂ ಬೆರಳು. ಚರ್ಮದ ಕೆಂಪು ಹೋಗಿ ಮೇಣದ ಬಿಳುಪು ಬಂತು. ಬಿಳುಪಿನ ಅಡಿಯಲ್ಲಿ ತೆಳು ಹಸಿರು. ಒಲೆಯ ಕೆಂಡ ಸಿಡಿದು ಅಂಗೈಗೆ ಅಂಟಿಕೊಂಡರೂ ಅವಳಿಗೆ ತಿಳಿಯಲಿಲ್ಲ. ಸುಟ್ಟ ವಾಸನೆ ಬಂದ ಮೇಲೆ, "ಎಂತ ಸೀದದ್ದು?" ಎಂದು ಒಲೆಯ ಮೇಲಿನ ಪಾತ್ರೆ ನೋಡಿದಳು. ಸಿದ್ದಾಪುರದಿಂದ ಬಂದ ಪಂಡಿತರು ನಾಡಿ ಹಿಡಿದು, ಬಹಳ ಹೊತ್ತು ಹಿಡಿದೇ ಇದ್ದು, ಎದ್ದು ಹೋದರು. ಆ ಮಣಿಕಟ್ಟಿನಲ್ಲಿ ಅವರಿಗೆ ನಾಡಿ ಸಿಕ್ಕಿರಲಿಲ್ಲ.

ಶಾಂತಾರಾಮನಿಗೆ ಮೊದಲು ಆದದ್ದು ಹೆದರಿಕೆಯಲ್ಲ, ಸಂತೋಷ. ಬಿಸಿಲಿಗೆ ಬಾಯಾರಿದವನಿಗೆ ತಣ್ಣೀರು ಇಳಿದಂಥ ಸಂತೋಷ. ಅದು ಮೈಯೆಲ್ಲ ಹರಿದು ಮುಗಿದ ಮೇಲೆ, ತಾನು ಏನಕ್ಕೆ ಸಂತೋಷಪಟ್ಟೆ ಎಂಬುದು ಅವನಿಗೆ ಹೊಳೆಯಿತು. ಮನುಷ್ಯನಿಗೆ ತನ್ನೊಳಗಿನದು ಕಾಣದಿರುವುದು ದೇವರು ಮಾಡಿದ ದಯೆ. ಅಂದು ಅವನಿಗೆ ಆ ದಯೆ ಸಿಗಲಿಲ್ಲ.

ಅವನು ಕೋಣೆಗೆ ಓಡಿ, ಬಿಲ್ಲೆಯನ್ನು ಕಮ್ಮಾರನ ಅಡಿಗಲ್ಲಿನಂಥ ದಪ್ಪ ಬಂಡೆಯ ಮೇಲಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆದ. ಠಿಂಗ್. ಸುತ್ತಿಗೆ ಹಾರಿತು. ಮತ್ತೆ ಹೊಡೆದ. ಬಂಡೆ ಬಿರಿಯಿತು. ಬೆಂಕಿಗೆ ಹಾಕಿದ, ಕೆಂಡದ ನಡುವೆ ಕಪ್ಪೆಯಂತೆ ತಣ್ಣಗೆ ಕುಳಿತಿತ್ತು. ಹೊರಗೆ ಪರಿಮಳಾ ಎಡಗೈಯಿಂದ ಬಲಗೈಯನ್ನು ಮಡಿಲಲ್ಲಿ ಎತ್ತಿಟ್ಟುಕೊಂಡು ಕುಳಿತಿದ್ದಳು, ಬೇರೆ ಯಾರದೋ ಮಗುವನ್ನು ಇಟ್ಟುಕೊಂಡ ಹಾಗೆ.

ಮುನಾಫನ ಗಾಡಿಖಾನೆಯ ಹಿಂದಿನ ಮನೆಯಲ್ಲಿ ಕುಲ್ಸುಮ್‌ಬಿ ಅವನ ಮುಖ ನೋಡಿದೊಡನೆ ಜಪಮಾಲೆ ಕೆಳಗಿಟ್ಟಳು. ಪರಿಮಳಾಳ ಕೈಯ ಸುದ್ದಿ ಅವಳಿಗೆ ಮೊದಲೇ ಮುಟ್ಟಿತ್ತು.

"ಎಷ್ಟು ಕೈ ಅರೆದವು?"

"ಎರಡು."

"ಎರಡನೇದರೊಳಗೆ ಎಂತ ಇತ್ತು?"

ಅವನು ತಲೆ ತಗ್ಗಿಸಿದ. ಮುದುಕಿ ಬಯ್ಯಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು.

"ಒಡೆಯೋಕೆ ಆಗೂದಿಲ್ಲ, ನೋಡಿದ್ಯಲ್ಲ. ಹೂತರೂ ಮಣ್ಣು ತಿನ್ನೂದಿಲ್ಲ. ನೀನು ಅರೆದು ಹಾಕಿದ್ದನ್ನ ನೀನೇ ಅರೆದು ತೆಗೀಬೇಕು, ಕಲ್ಲು ಮುಗಿಯೋ ತನಕ. ಮುಗಿದ ದಿನಕ್ಕೆ ಬಿಡುಗಡೆ. ನಡುವೆ ಒಂದು ಉಸಿರು ಹೊಟ್ಟೆಕಿಚ್ಚು ಬಂತೋ, ಅದು ಕೈಯಿಂದ ಮೇಲೆ ಹತ್ತಿ ಗುಂಡಿಗೆಗೆ ಹೋಗ್ತದೆ. ಆಮೇಲೆ ಅಳೂದಕ್ಕೆ ಬಾ, ಕೇಳೂದಕ್ಕೆ ಬರಬೇಡ."

"ನಿಮ್ಮ ಮೊಮ್ಮಗಳು…"

"ಅವಳನ್ನ ಹುಬ್ಬಳ್ಳಿ ದವಾಖಾನೆಗೆ ಒಯ್ತೀವಿ. ಹೋಗು. ನಾನೂ ದುವಾ ಮಾಡ್ತೀನಿ. ನಿನಗಲ್ಲ, ನಿನ್ನ ಹೆಂಡತಿ ಕೈಗೆ."

ಅರೆದ. ಉಂಡದ್ದು ಬಿಟ್ಟರೆ ಅರೆದದ್ದೇ. ಹಿಂದೆ ಪರಿಮಳಾ ಬೇಡಿಕೊಂಡಂತೆ ಮಾರಿಕಾಂಬೆ ತಾಯಿಯನ್ನು ಬೇಡಿಕೊಳ್ಳುತ್ತ ಅರೆದ. ಮತ್ಸರ ತಲೆಯೆತ್ತುವ ಸೂಚನೆ ಕಂಡರೆ ಕಲ್ಲನ್ನು ಕೆಳಗಿಟ್ಟು, ಹಣೆಯನ್ನು ಗೋಡೆಗೆ ಬಡಿದುಕೊಂಡು, ಅದು ಮಲಗಿದ ಮೇಲೆ ಮತ್ತೆ ಅರೆದ. ಬೆರಳ ತುದಿಯ ಚರ್ಮ ಹೋಯಿತು. ಹಾಲಿನಂಥ ಕೆಸರು ಕೆಂಪಗಾಯಿತು. ಶಿವರಾತ್ರಿಯ ಹೊತ್ತಿಗೆ ಪರಿಮಳಾಳ ಕಿರುಬೆರಳು ಬೆಚ್ಚಗಾಯಿತು. ಆಮೇಲೆ ಉಂಗುರದ ಬೆರಳು. ಅವಳು ಓಡಿಬಂದು ಬಾಗಿಲಲ್ಲಿ ನಿಂತು ಆ ಬೆರಳುಗಳನ್ನು ಅಲ್ಲಾಡಿಸಿ ತೋರಿಸಿದಳು. ಅವನು ಅತ್ತ. ಆ ಅಳು ನಿಜವಾದದ್ದು. ಅದರಲ್ಲಿ ಸುಳ್ಳಿರಲಿಲ್ಲ.

ಯುಗಾದಿ ಕಳೆದು ನಾಲ್ಕನೆಯ ದಿನ. ಬಿಲ್ಲೆ ಉಗುರಿನಷ್ಟು ತೆಳುವಾಗಿತ್ತು. ಅದರೊಳಗಿಂದ ತನ್ನ ಬೆರಳ ನೆರಳು ಕಾಣುತ್ತಿತ್ತು. ಅವಳ ಹೆಬ್ಬೆರಳೊಂದು ಉಳಿದಿತ್ತು. ಮಧ್ಯಾಹ್ನದೊಳಗೆ ಮುಗಿಯುತ್ತದೆಂದುಕೊಂಡ.

ಆಗ ಮಂಜಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಕೈಯಲ್ಲಿ ಗಂಧದ ಒಂದು ಸಣ್ಣ ಗಿಳಿ.

"ನೋಡಿ ಅಳಿಯಂದ್ರೆ! ಎರಡು ತಿಂಗಳಿಂದ ಹುಡುಗಿ ಗುಟ್ಟಾಗಿ ಕಲ್ತದ್ದು. ಎಡಗೈ! ಎಡಗೈಯಲ್ಲಿ ಮಾರಾಯ್ರೆ! ನನ್ನ ಎಪ್ಪತ್ತು ವರ್ಷದಲ್ಲಿ ಇಂಥದ್ದು ಕಂಡಿಲ್ಲೆ. ರೆಕ್ಕೆ ನೋಡಿ, ರೆಕ್ಕೆ!"

ಶಾಂತಾರಾಮ ನೋಡಿದ.

ನೋಡಬಾರದಿತ್ತು. ಹಣತೆಯ ಬೆಳಕಿನಲ್ಲಿ ಆ ರೆಕ್ಕೆ ಈಗಷ್ಟೇ ಮಡಿಸಿದಂತಿತ್ತು. ಅವನ ಬಲಗೈ ಇಪ್ಪತ್ತು ವರ್ಷ ದುಡಿದು ಮಾಡಲಾರದ್ದು. ಅವಳ ಎಡಗೈ ಎರಡು ತಿಂಗಳಲ್ಲಿ ಮಾಡಿತ್ತು.

ಬಂತು. ಎಲ್ಲಿತ್ತೋ, ಬಂತು. ಹೊಟ್ಟೆಯಿಂದ ಎದೆಗೆ, ಎದೆಯಿಂದ ಭುಜಕ್ಕೆ. ಕಲ್ಲು ಕೆಳಗಿಡಬೇಕು. ಬೆರಳು ಬಿಡಲಿಲ್ಲ. ಬಿಡು ಎಂದ. ಬಿಡಲಿಲ್ಲ. ಕೈ ತಾನಾಗಿ ತಿರುಗಿತು. ಸರ್. ಸರ್. ಸರ್. ಹಣತೆ ಆರಿತು. ಬೆಂಕಿಯಿಲ್ಲದೆ ಸುಟ್ಟ ವಾಸನೆ. ಹೊಳೆಯ ತಳದ ವಾಸನೆ. ಜಗಲಿಯಿಂದ ಪರಿಮಳಾಳ ಕೂಗು: "ಅಪ್ಪಾ! ಕೈ! ಅಪ್ಪಾ, ಭುಜ!" ಮಂಜಪ್ಪ ಓಡಿದ. ಮತ್ತೆ ಕೂಗು. ಈಗ ಸಣ್ಣದು. ಉಸಿರು ಸಿಗದವಳ ಕೂಗು. ಸರ್. ಸರ್. ತಾಯೀ, ತೆಗೆ ಇದನ್ನ. ತಾಯಿ ತೆಗೆಯಲಿಲ್ಲ. ಮತ್ಸರ ಹೋಗಲಿಲ್ಲ. ಹೋಗುವುದಿಲ್ಲ. ಅವನಿಗೆ ತಿಳಿಯಿತು. ಹೋಗದಿದ್ದರೆ ಅದನ್ನು ಬೇರೆ ದಿಕ್ಕಿಗೆ ತಿರುಗಿಸಬೇಕು. ಎಲ್ಲಿಗೆ? ಕತ್ತಲೆಯಲ್ಲಿ ತನ್ನ ಕೈಯನ್ನು ನೆನೆದ. ಪದಕ ತಂದ ಕೈ. ಅಳತೆ ತಪ್ಪದ ಕೈ. ಅದೊಂದೇ ಅವನ ಆಸ್ತಿ. ನೀನು. ನೀನೇ ನನ್ನನ್ನು ಸೋಲಿಸಿದ್ದು. ಅವಳದಲ್ಲ, ನಿನ್ನದು ತಪ್ಪು. ಒಣಗಿ ಹೋಗು. ಸರ್. ಒಣಗು. ಸರ್. ಕಲ್ಲಾಗು.

ಕೈಯಡಿಯಲ್ಲಿ ಬರೀ ಬಂಡೆ. ಕಲ್ಲು ಮುಗಿದಿತ್ತು.

ಸದ್ದು ನಿಂತಿತು. ಗೆರಟೆಯ ಹನಿ ಅವನ ಬೆರಳ ಮೇಲೆ ಬೀಳುವುದು ಕೇಳುತ್ತಿತ್ತು. ಬಿದ್ದದ್ದು ತಿಳಿಯುತ್ತಿರಲಿಲ್ಲ.

ಪರಿಮಳಾ ಬದುಕಿದಳು. ಅವಳ ಎರಡು ಕೈಗಳೂ ಈಗ ಕೆತ್ತುತ್ತವೆ. ಯಲ್ಲಾಪುರದಾಚೆ ಕಿರವತ್ತಿಯವರೆಗೆ ಅವಳ ಹೆಸರು ಹೋಗಿದೆ. ನೂರ್ಜಹಾನ್ ಹುಬ್ಬಳ್ಳಿಯ ಔಷಧದಲ್ಲಿ ಹೇಗೋ ದಿನ ತೆಗೆಯುತ್ತಿದ್ದಾಳೆ. ಕುಲ್ಸುಮ್‌ಬಿ ಮತ್ತೆ ಈ ಜಗಲಿ ಹತ್ತಲಿಲ್ಲ. ಶಾಂತಾರಾಮನ ಬಲಗೈ ಮೊಣಕೈವರೆಗೆ ಮೇಣದ ಹಸಿರು. ಬಡಿದರೆ ನಾದ ಬರುತ್ತದೆಂದು ಕೇರಿಯವರು ಹೇಳುತ್ತಾರೆ, ಬಡಿದು ನೋಡಿದವರಿಲ್ಲ. ಎಡಗೈಯ ಬೆರಳ ತುದಿಗಳೂ ಆ ದಿನಗಳ ಅರೆತದಲ್ಲಿ ಸವೆದು ಮೊಂಡಾಗಿವೆ. ಅನ್ನ ಕಲಸಲು ಬಾರದು.

ಮಧ್ಯಾಹ್ನವಾದರೆ ಪರಿಮಳಾ ಉಳಿ ಕೆಳಗಿಟ್ಟು, ಕೈ ತೊಳೆದು, ಅನ್ನ ಕಲಸಿ ಅವನ ಮುಂದೆ ಕೂರುತ್ತಾಳೆ.

"ಉಪ್ಪು ಸಾಕಾ?"

ಅವನು ತಲೆಯಾಡಿಸುತ್ತಾನೆ. ಆ ಬೆರಳುಗಳು ಬೆಚ್ಚಗಿವೆ, ಜೀವದಿಂದಿವೆ. ಅದಕ್ಕಾಗಿ ಅವನು ದಿನವೂ ತಾಯಿಗೆ ಕೈಮುಗಿಯದೆ, ಮುಗಿಯಲು ಕೈಯಿಲ್ಲದೆ, ಮನಸ್ಸಿನಲ್ಲೇ ಅಡ್ಡಬೀಳುತ್ತಾನೆ. ಮತ್ತು ದಿನವೂ, ತುತ್ತು ತುಟಿಗೆ ತಾಗುವ ಆ ಕ್ಷಣದಲ್ಲಿ, ಆ ಬೆರಳುಗಳನ್ನು ಕಚ್ಚಿ ತುಂಡರಿಸಬೇಕೆನ್ನಿಸುತ್ತದೆ.

ಶಾಂತಾರಾಮ ಕಣ್ಣು ಮುಚ್ಚುತ್ತಾನೆ. ಹಲ್ಲು ಸಡಿಲಿಸುತ್ತಾನೆ. ಬಾಯಿ ತೆರೆಯುತ್ತಾನೆ.